ಚೆಂಡೆಯ ಸದ್ದಿಗೆ ಬರುವ ನಿದ್ದೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ನನಗೆ ಸಂತೆಯಲ್ಲಿ ಮಾತ್ರ ನಿದ್ದೆ ಬರುತ್ತಿತ್ತು. ಮನೆಯಲ್ಲಿ ಚಾಪೆ ಹಾಸಿ, ದೀಪ ಆರಿಸಿ, ಕೇರಿಯೆಲ್ಲ ತಣ್ಣಗಾದ ಮೇಲೆ ಕಣ್ಣು ಮುಚ್ಚಲು ಒಪ್ಪುತ್ತಿರಲಿಲ್ಲ. ಕಾಪುವಿನ ನಮ್ಮ ಮನೆಯ ಕಿಟಕಿಗೆ ದೀಪಸ್ತಂಭದ ಬೆಳಕು ಬಂದು ಹೋಗುತ್ತಿತ್ತು. ಬಂದಾಗ ಗೋಡೆಯ ಕ್ಯಾಲೆಂಡರ್ ಕಾಣುತ್ತಿತ್ತು, ಹೋದಾಗ ಮಾಯ. ಎಷ್ಟೋ ದೋಣಿಗಳನ್ನು ದಡಕ್ಕೆ ಮುಟ್ಟಿಸಿದ ಆ ಬೆಳಕಿಗೆ ನನ್ನೊಬ್ಬಳನ್ನು ನಿದ್ದೆಗೆ ಮುಟ್ಟಿಸಲು ಆಗಲಿಲ್ಲ. ಬೆಳಗಿನ ಜಾವಕ್ಕೆ ಕಣ್ಣು ಹತ್ತಿದರೆ ಮತ್ತೆ ಏಳುವ ಮಾತಿಲ್ಲ. ಅಮ್ಮ ಕೂಗಿ, ಹೊದಿಕೆ ಎಳೆದು, ಕೊನೆಗೆ ಚೆಂಬಿನ ನೀರು ಚಿಮುಕಿಸುತ್ತಿದ್ದಳು. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಬರುವ ಹುಡುಗಿ ಎಂದೇ ನನಗೆ ಹೆಸರಿತ್ತು.

ಇದಕ್ಕೆಲ್ಲ ಅಪ್ಪನೇ ಕಾರಣ ಎಂಬುದು ಅಮ್ಮನ ತೀರ್ಮಾನ. "ಅಪ್ಪನ ಕಣ್ಣೇ ಮಗಳಿಗೂ ಬಂದಿದೆ. ರಾತ್ರಿ ಯಾವುದು, ಹಗಲು ಯಾವುದು ಅಂತ ಗೊತ್ತಿಲ್ಲದ ಕಣ್ಣು," ಎನ್ನುತ್ತಿದ್ದಳು.

ಅಪ್ಪ ಯಕ್ಷಗಾನ ಮೇಳದಲ್ಲಿದ್ದರು. ದೀಪಾವಳಿ ಕಳೆದು ಹೊರಟ ಮೇಳ, ಮಳೆಗಾಲಕ್ಕೆ ಮುಂಚೆ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ಊರೂರು ಸುತ್ತುತ್ತಿತ್ತು. ಅಷ್ಟು ತಿಂಗಳು ಅವರಿಗೆ ರಾತ್ರಿಯೇ ಹಗಲು. ಆಟ ಹತ್ತಿರದ ಊರಿನಲ್ಲಿದ್ದರೆ ಬೆಳಿಗ್ಗೆ ಮೊದಲ ಬಸ್ಸಿಗೆ ಮನೆಗೆ ಬರುತ್ತಿದ್ದರು. ಗಂಜಿ ಉಂಡು, ಹೆಗಲ ಮೇಲಿನ ಬೈರಾಸವನ್ನು ಒದ್ದೆ ಮಾಡಿ ಕಣ್ಣಿನ ಮೇಲೆ ಹಾಕಿಕೊಂಡು ಒಳಕೋಣೆಯಲ್ಲಿ ಮಲಗುತ್ತಿದ್ದರು. ನಾನು ಏಳಲು ಒದ್ದಾಡುವ ಹೊತ್ತೂ ಅವರು ಮಲಗಲು ಅವಸರಪಡುವ ಹೊತ್ತೂ ಒಂದೇ. ಮನೆಯಲ್ಲಿ ನಮ್ಮದು ತುಳು. ನನ್ನನ್ನು ಎಬ್ಬಿಸುವಾಗ ಮಾತ್ರ ಅಪ್ಪ ರಂಗಸ್ಥಳದ ಕನ್ನಡಕ್ಕೆ ಇಳಿಯುತ್ತಿದ್ದರು. "ಎಲೌ ಬಾಲೆ, ಉದಯವಾಯಿತು. ಇನ್ನೂ ಶಯನವೆ?" ನಾನು ಒಂದು ಕಣ್ಣು ತೆರೆದು ನಗುವಷ್ಟರಲ್ಲಿ ಅವರ ಕಣ್ಣು ಮುಚ್ಚಿರುತ್ತಿತ್ತು. ಸಂಜೆ ಶಾಲೆಯಿಂದ ಬಂದರೆ ಮಡಿಸಿಟ್ಟ ಚಾಪೆ ಮಾತ್ರ. ಎಚ್ಚರವಾಗಿರುವ ಅಪ್ಪನನ್ನು ನಾನು ಸರಿಯಾಗಿ ನೋಡುತ್ತಿದ್ದದ್ದು ಮಳೆಗಾಲದಲ್ಲಿ, ಅದೂ ಅವರು ನಿದ್ದೆ ಬಾರದೆ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುವಾಗ.

ಅಪ್ಪನದು ಬಣ್ಣದ ವೇಷ, ಅಂದರೆ ರಾಕ್ಷಸ. ಊರಿನವರು ಆ ವೇಷದ ಬಗ್ಗೆ ಅಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ ಹೇಳುತ್ತಿದ್ದರು. ಅಪ್ಪ ತೆರೆಯ ಹಿಂದೆ ಆರ್ಭಟ ಕೊಟ್ಟರೆ ಗರ್ಭಿಣಿಯರನ್ನು ಹಿಂದೆ ಕಳಿಸುತ್ತಿದ್ದರಂತೆ. ಕೇಳಿ ಕೇಳಿ ನನಗೆ ಹೊಟ್ಟೆಕಿಚ್ಚು. ಲೋಕವೆಲ್ಲ ಕಂಡ ನನ್ನ ಅಪ್ಪನ ವೇಷವನ್ನು ನಾನೇ ಕಂಡಿಲ್ಲವಲ್ಲ ಎಂದು. ಒಂದೇ ಒಂದು ಸಲ ಅದನ್ನು ನೋಡಬೇಕು ಎಂಬುದು ನನ್ನ ಬಾಲ್ಯದ ದೊಡ್ಡ ಆಸೆ. ಬೊಂಬೆಗೂ ಹೊಸ ಲಂಗಕ್ಕೂ ನಾನು ಅಷ್ಟು ಹಟ ಮಾಡಿದವಳಲ್ಲ.

ಆಟಕ್ಕೆ ಹೋಗುತ್ತಿರಲಿಲ್ಲ ಎಂದಲ್ಲ. ಎರ್ಮಾಳಿನ ಕೊಯ್ಲಾದ ಗದ್ದೆಯಲ್ಲಿ ಆಟವಿದ್ದಾಗ ಅಮ್ಮ ಚಾಪೆ, ಹೊದಿಕೆ, ನೀರಿನ ಬಾಟಲಿ ಹಿಡಿದು ನನ್ನನ್ನು ಕರೆದುಕೊಂಡು ಹೋದಳು. ಎಲ್ಲರಿಗಿಂತ ಮುಂದೆ ಚಾಪೆ ಹಾಸಿದೆವು. ಚರುಮುರಿ ತಿಂದೆ. ಗ್ಯಾಸ್‌ಲೈಟಿನ ಬೆಳಕು, ಜನರ ಗಲಾಟೆ, ಮಗುವಿನ ಅಳು. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಎಚ್ಚರವಾಗುವ ನನಗೆ, ಚೆಂಡೆ ಶುರುವಾದದ್ದೇ ತಡ, ರೆಪ್ಪೆ ಭಾರವಾಯಿತು. ಆ ಸದ್ದು ಕಿವಿಯೊಳಗೆ ಬಂದು ಬೆನ್ನು ತಟ್ಟುತ್ತಿದ್ದಂತೆ ಇತ್ತು. ಅಪ್ಪ ಇಲ್ಲೇ ಎಲ್ಲೋ ಇದ್ದಾರೆ ಎಂಬ ಧೈರ್ಯವೂ ಇದ್ದಿರಬೇಕು. ರಾಕ್ಷಸ ಬರುವುದು ಬೆಳಗಿನ ಜಾವಕ್ಕೆ.

"ಅಪ್ಪ ಬರುವಾಗ ಎಬ್ಬಿಸಬೇಕು," ಎಂದೆ.

"ಎಬ್ಬಿಸ್ತೇನೆ ಮಾರಾಯ್ತಿ, ನೀನು ಮಲಗು," ಎಂದಳು ಅಮ್ಮ.

ಎದ್ದಾಗ ಬೆಳಕು ಹರಿದಿತ್ತು, ನಾನು ಅಪ್ಪನ ಹೆಗಲ ಮೇಲಿದ್ದೆ. ಬಣ್ಣ ತೆಗೆದಾಗಿತ್ತು. ಮುಖದಲ್ಲಿ ತೆಂಗಿನೆಣ್ಣೆಯ ವಾಸನೆ, ಕಿವಿಯ ಹಿಂದೆ ಮಾತ್ರ ಒಂದು ಬಿಳಿ ಚುಟ್ಟಿ ಉಳಿದಿತ್ತು. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ ರಾಕ್ಷಸನ ಮುಖಕ್ಕೆ ಸಾಲಾಗಿ ಇಡುವ ಮುಳ್ಳಿನಂಥ ಚುಕ್ಕೆ ಅದು. ಅದನ್ನು ಉಗುರಿನಿಂದ ಕೆರೆದು ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. ನನ್ನ ಪಾಲಿನ ರಾಕ್ಷಸ ಅಷ್ಟೇ.

ಪ್ರತಿ ಸಲವೂ ಇದೇ ಆಯಿತು. ಅಮ್ಮ ಎಬ್ಬಿಸುತ್ತೇನೆ ಎನ್ನುತ್ತಿದ್ದಳು, ಎಬ್ಬಿಸುತ್ತಿರಲಿಲ್ಲ. ಅತ್ತು ರಂಪ ಮಾಡಿದ ಮೇಲೆ ಒಮ್ಮೆ ಕಾರಣ ಹೇಳಿದಳು. ನಿದ್ದೆಗಣ್ಣಿನಲ್ಲಿ ಎದ್ದ ಮಗುವಿಗೆ ಮೊದಲು ಕಂಡದ್ದು ಬಣ್ಣದ ವೇಷವಾದರೆ ಹೆದರಿಕೆ ಒಳಗೆ ಕೂತುಬಿಡುತ್ತದಂತೆ, ಜ್ವರ ಹಿಡಿದರೆ ಮಂತ್ರಿಸಿದ ನೂಲು ಕಟ್ಟಿದರೂ ಬಿಡುವುದಿಲ್ಲವಂತೆ. ನೆರೆಮನೆಯ ಮಗುವಿಗೆ ಹಾಗೇ ಆಗಿತ್ತಂತೆ. "ಅಪ್ಪನನ್ನು ಕಂಡರೆ ನಾನು ಯಾಕೆ ಹೆದರಬೇಕು?" ಎಂದರೆ, "ನಿನಗೆ ಗೊತ್ತಾಗುವುದಿಲ್ಲ, ಅದು ಅಪ್ಪನ ಹಾಗೆ ಇರುವುದಿಲ್ಲ," ಎಂದಳು. ಅಮ್ಮನ ಮೇಲೆ ಆಗ ಬಂದ ಸಿಟ್ಟು ಬಹಳ ವರ್ಷ ಹೋಗಲಿಲ್ಲ.

ಆಮೇಲೆ ಪರೀಕ್ಷೆಗಳು ಬಂದವು, ದೊಡ್ಡವಳಾದೆ, ಆಟಕ್ಕೆ ಹೋಗುವುದು ತಪ್ಪಿತು. ನರ್ಸಿಂಗ್ ಕಲಿತು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದೆ. ರಾತ್ರಿ ಪಾಳಿ ಎಂದರೆ ಜೊತೆಯವರು ಮುಖ ಸಿಂಡರಿಸುತ್ತಿದ್ದರು. ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಹೇಗೂ ಬಾರದ ನಿದ್ದೆಗೆ ಸಂಬಳ ಸಿಕ್ಕಿದ ಹಾಗಾಯಿತು. ಬೆಳಿಗ್ಗೆ ಹಾಸ್ಟೆಲಿಗೆ ಬಂದು ಒದ್ದೆ ಟವೆಲನ್ನು ಕಣ್ಣಿನ ಮೇಲೆ ಹಾಕಿಕೊಳ್ಳುವಾಗ ಅಪ್ಪನ ನೆನಪಾಗುತ್ತಿತ್ತು. ಈಗ ನಮ್ಮಿಬ್ಬರ ಹಗಲು ರಾತ್ರಿ ಒಂದೇ ಆಗಿತ್ತು, ಊರು ಮಾತ್ರ ಬೇರೆ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಮನೆಗೆ ಹೋದಾಗ ಅಪ್ಪ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಈ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದಿಲ್ಲ," ಎಂದರು. ಚುಟ್ಟಿಯ ಸುಣ್ಣ ತಾಗಿ ತಾಗಿ ಅವರ ಕೆನ್ನೆ ಒರಟಾಗಿತ್ತು. ಕಾರ್ಕಳದಲ್ಲಿ ಆಟ ಇರುವ ದಿನ ರಜೆ ಹಾಕಿ ಬರುತ್ತೇನೆ ಎಂದೆ. "ನಿದ್ದೆ ಬರುವುದಿಲ್ಲ ಅಲ್ವಾ?" ಎಂದು ನಕ್ಕರು.

ಆ ದಿನ ಹಗಲೆಲ್ಲ ಹಾಸ್ಟೆಲಿನಲ್ಲಿ ಮಲಗಿ ಎದ್ದು ಕಾರ್ಕಳದ ಬಸ್ಸು ಹತ್ತಿದೆ. ತಲುಪುವಾಗ ಆಟ ಶುರುವಾಗುವ ಹೊತ್ತು. ಬಣ್ಣ ಹಾಕುವಾಗ ಅಪ್ಪ ಯಾರೊಡನೆಯೂ ಮಾತಾಡುವವರಲ್ಲ, ಹಾಗಾಗಿ ವೇಷ ಕಟ್ಟುವ ಚೌಕಿಗೆ ಹೋಗದೆ ನೇರ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತೆ. ಚೆಂಡೆ ಬಿತ್ತು. ಹಳೆಯ ಸಾಲ ವಸೂಲಿಗೆ ಬರುವವನಂತೆ ನಿದ್ದೆ ತಪ್ಪದೆ ಬಂತು. ತೊಡೆ ಚಿವುಟಿಕೊಂಡೆ, ಮುಖ ತೊಳೆದೆ, ಚಹಾದ ಮೇಲೆ ಚಹಾ ಕುಡಿದೆ. ಬೆಳಗಿನ ಜಾವ ದೊಂದಿಗೆ ರಾಳ ಎರಚಿ ಬೆಂಕಿ ಎದ್ದಿತು, ತೆರೆಯ ಹಿಂದಿನಿಂದ ಆರ್ಭಟ ಬಂತು. ನಾನು ಎಚ್ಚರವಿದ್ದೆ. ತೆರೆ ಸರಿದಾಗ ರಾಕ್ಷಸ ನಿಂತಿದ್ದ. ಕಣ್ಣಲ್ಲಿ ನೀರು ತುಂಬಿ ಕಿರೀಟವೆಲ್ಲ ಕಲಸಿಹೋಯಿತು. ಒರೆಸಿಕೊಂಡು ನೋಡಿದೆ. ಅವನು ಮಂಡಿ ಮಡಿಸಿ ಕೂತು ಚಂಗನೆ ಎದ್ದು ಸುತ್ತು ಹೊಡೆದ. ಮತ್ತೆ ಕೂತ, ಮತ್ತೆ ಎದ್ದ. ಆ ಮಂಡಿ ಅಪ್ಪನದಲ್ಲ.

ಚೌಕಿಗೆ ಓಡಿದೆ. ಅಪ್ಪ ವೇಷದ ಪೆಟ್ಟಿಗೆಗೆ ತಲೆಯಾನಿಸಿ ಮಲಗಿದ್ದರು. ಮುಖಕ್ಕೆ ಬಣ್ಣವಿಲ್ಲ, ಬೆರಳುಗಳಲ್ಲಿ ಮಾತ್ರ ಒಣಗಿದ ಹಿಟ್ಟು. ಗೆಜ್ಜೆ ಬಿಚ್ಚುತ್ತಿದ್ದ ಹಿರಿಯ ವೇಷಧಾರಿಯೊಬ್ಬರು ದನಿ ತಗ್ಗಿಸಿ ಹೇಳಿದರು:

"ಸಂಜೆ ಮಂಡಿ ಊದಿ ನಿಲ್ಲಲಿಕ್ಕೇ ಆಗಲಿಲ್ಲ ಅವರಿಗೆ. ಶಿಷ್ಯನನ್ನು ಕೂರಿಸಿ ಚುಟ್ಟಿ ತಾವೇ ಇಟ್ಟರು. ಮಗಳು ಬಂದರೆ ಎಬ್ಬಿಸಿ ಅಂತ ಹೇಳಿ ಮಲಗಿದ್ದು. ಎಬ್ಬಿಸುವುದಾ?"

"ಬೇಡ," ಎಂದೆ.

ಹುಟ್ಟಿದಾಗಿನಿಂದ ಅಪ್ಪ ರಾತ್ರಿ ಹೊತ್ತು ಹೀಗೆ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಹೊರಗೆ ಚೆಂಡೆ ಒಂದೇ ಸಮ ಬೀಳುತ್ತಿತ್ತು, ಅವರ ಉಸಿರು ಮಗುವಿನಂತೆ ಹಗುರವಾಗಿತ್ತು. ಬೆಳಗಾಗುವವರೆಗೆ ಪಕ್ಕದಲ್ಲಿ ಕೂತು ನೊಣ ಓಡಿಸಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಪಡುಬಿದ್ರಿ ಕಡೆಯ ಮೊದಲ ಬಸ್ಸಿನಲ್ಲಿ ಅಪ್ಪ ಮಂಡಿ ನೀವಿಕೊಳ್ಳುತ್ತಾ ಕೂತರು. ಆಮೇಲೆ, "ನೀನು ಯಾಕೆ ಎಬ್ಬಿಸಲಿಲ್ಲ?" ಎಂದರು.

"ಒಳ್ಳೆ ನಿದ್ದೆಯಲ್ಲಿ ಇದ್ದಿರಿ ಅಪ್ಪ. ಮನಸ್ಸಾಗಲಿಲ್ಲ."

"ಆಗ ನಿನ್ನನ್ನು ಯಾಕೆ ಎಬ್ಬಿಸಲಿಲ್ಲ ಅಂತ ಕೇಳಿದರೆ ನಿನ್ನ ಅಮ್ಮನೂ ಹೀಗೇ ಹೇಳುತ್ತಿದ್ದದ್ದು. ತೆರೆ ಸರಿಯುವ ಮುಂಚೆ ಸಂದಿಯಿಂದ ನಿನ್ನ ಚಾಪೆ ನೋಡುತ್ತಿದ್ದೆ. ಪ್ರತಿ ಸಲ ಹೊದಿಕೆ ಮಾತ್ರ ಕಾಣುವುದು." ಕಿಟಕಿಯ ಕಡೆ ತಿರುಗಿದರು. "ನಿನ್ನೆ ಹೇಗೂ ವೇಷ ಇಲ್ಲ. ಒಂದು ದಿನವಾದರೂ ನಿನ್ನ ಚಾಪೆಯಲ್ಲಿ ಕೂತು, ನಿನ್ನ ಜೊತೆ ಆಟ ನೋಡಬೇಕು ಅಂತ ಇತ್ತು."

ಅಮ್ಮನ ಮೇಲೆ ಅಷ್ಟು ವರ್ಷ ಇಟ್ಟುಕೊಂಡ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಕೊನೆಗೆ, "ಬರುವ ವರ್ಷ ಹೋಗುವಾ. ಖಂಡಿತ ಎಬ್ಬಿಸ್ತೇನೆ," ಎಂದೆ. "ಆಗಲಿ," ಎಂದು ಅಪ್ಪ ಕಣ್ಣು ಮುಚ್ಚಿದರು.

ಪತ್ತನಾಜೆಗೆ ಗೆಜ್ಜೆ ಬಿಚ್ಚಿದರು. ಅದೇ ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ, ಉಂಡು ಮಲಗಿದವರು ಏಳಲಿಲ್ಲ. ನಾನು ಮಣಿಪಾಲದಿಂದ ಬರುವಾಗ ಅಮ್ಮ ಅವರ ಭುಜ ಹಿಡಿದು ಅಲುಗಿಸುತ್ತಲೇ ಇದ್ದಳು, ಏಳಿ, ಮಗಳು ಬಂದಳು, ಏಳಿ ಎಂದು. ದೀಪಾವಳಿ ಕಳೆದು ಮೇಳ ಎಂದಿನಂತೆ ಹೊರಟಿತು. ಕಾಪುವಿನ ಬಯಲಿನಲ್ಲೇ ಆಟವಿತ್ತು. ಅಮ್ಮ ಮತ್ತು ನಾನು ಹೋಗಿ ಅದೇ ಚಾಪೆ ಹಾಸಿ ಕೂತೆವು, ನಡುವೆ ಒಬ್ಬರಿಗೆ ಜಾಗ ಬಿಟ್ಟು. ಚೆಂಡೆ ಬಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.