ಅರ್ಥ ಹೇಳುವ ನರ್ಸಕ್ಕ

ಹಲ್ಲಿನ ಡಾಕ್ಟರು ಒಳಗೆ ಒಂದು ಪದ ಉದುರಿಸಿದರೆ ಸಾಕು, ಹೊರಗೆ ಬಂದ ರೋಗಿಗೆ ಅದನ್ನು ಬಿಡಿಸಿ ಹೇಳದೆ ನರ್ಸಕ್ಕನಿಗೆ ಸಮಾಧಾನವಿಲ್ಲ. "ರೂಟ್ ಕೆನಾಲ್ ಅಂದ್ರೆ ಹಲ್ಲು ಕೀಳೋದಲ್ಲ ಅಣ್ಣಾ. ಒಳಗೆ ಕೆಟ್ಟಿರೋ ನರ ತೆಗೆದು, ತೊಳೆದು, ತುಂಬಿ ಮುಚ್ತಾರೆ. ಕ್ರೌನ್ ಅಂದ್ರೆ ಅದರ ಮೇಲೊಂದು ಟೋಪಿ, ಅಷ್ಟೇ." ಸ್ಕೇಲಿಂಗ್ ಎಂದೊಡನೆ ಅಳತೆಪಟ್ಟಿ ನೆನೆದು ಕಕ್ಕಾಬಿಕ್ಕಿಯಾದ ಅಜ್ಜಿಗೆ, ಹಲ್ಲಿನ ಕಿಟ್ಟ ತೆಗೆಯುವುದೆಂದು ತಳ ಹಿಡಿದ ಪಾತ್ರೆ ಉಜ್ಜುವಂತೆ ಕೈಯಾಡಿಸಿ ತೋರಿಸುತ್ತಾಳೆ. ಮೇಜಿನ ಮೇಲಿನ ಪ್ಲಾಸ್ಟರ್ ದವಡೆ ಅವಳ ಕೈಯಲ್ಲಿ ಬಾಯಿ ತೆರೆದು ಮುಚ್ಚಿ, ಅದರ ಕೀಲೇ ಸಡಿಲಾಗಿದೆ. "ಈಗ ನೀವು ನಂಗೆ ಹೇಳಿ ನೋಡೋಣ" ಎಂದು ಪಾಠ ಒಪ್ಪಿಸಿಕೊಳ್ಳದೆ ಯಾರನ್ನೂ ಬಾಗಿಲು ದಾಟಿಸುವವಳಲ್ಲ. "ದಿನವಿಡೀ ಇದನ್ನೇ ಹೇಳಿ ಬೇಜಾರಾಗಲ್ವಾ ಅಕ್ಕಾ?" ಎಂದು ಕೆನ್ನೆ ಊದಿಸಿಕೊಂಡು ಕೂತಿದ್ದ ಟೈಲರ್ ಮೊನ್ನೆ ಕೇಳಿಯೇಬಿಟ್ಟ. ಅವಳು ದವಡೆಯನ್ನು ಮೆಲ್ಲಗೆ ಕೆಳಗಿಟ್ಟಳು. "ನಮ್ಮಮ್ಮ ಡಾಕ್ಟ್ರು ಹೇಳಿದ್ದಕ್ಕೆಲ್ಲ ಹೂಂ ಅಂದ್ಲು. ಅರ್ಥ ಆಗ್ಲಿಲ್ಲ ಅನ್ನೋಕೆ ನಾಚ್ಕೆ. ಉಳಿಸ್ಬಹುದಾಗಿದ್ದ ಮುಂದಿನ ಹಲ್ಲೂ ಹೋಯ್ತು. ಆಮೇಲೆ ಕೊನೇವರ್ಗೂ ಕೈ ಅಡ್ಡ ಹಿಡ್ಕೊಂಡೇ ನಗ್ತಿದ್ಲು." ಟೈಲರ್ ಆಗಲೇ ಡಾಕ್ಟರು ಬರೆದುಕೊಟ್ಟಿದ್ದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಎದ್ದು ಡಾಕ್ಟರ ಬಾಗಿಲು ತಟ್ಟಿದ. "ಸಾರ್, ಆಗ ಎಕ್ಸ್‌ಟ್ರಾಕ್ಷನ್ ಅಂದ್ರಲ್ಲ, ನಾನೂ ಸುಮ್ನೆ ಹೂಂ ಅಂದ್ಬಿಟ್ಟೆ. ಅಂದ್ರೆ ಹಲ್ಲು ಕೀಳೋದಾ? ಉಳಿಸೋಕೆ ದಾರಿ ಇಲ್ವಾ?" ಡಾಕ್ಟರು ಕನ್ನಡಕ ತೆಗೆದು, "ದಾರಿ ಇದೆ, ಸ್ವಲ್ಪ ಉದ್ದ. ಬನ್ನಿ ಕೂತ್ಕೊಳ್ಳಿ, ಹೇಳ್ತೀನಿ" ಎಂದರು. ನರ್ಸಕ್ಕ ಮುಂದಿನ ರೋಗಿಯನ್ನು ಕರೆಯುವುದನ್ನೇ ಮರೆತು ಹಲ್ಲೆಲ್ಲ ಕಾಣುವಂತೆ ನಕ್ಕಳು.