ಶಾಂತಿ, ಕಾಲ್ ತೆಗಿ!

“ಅಕ್ಕಾ, ಪಂಕ್ ಕೇಳೀರೇನು?” ಅಂದ ಬಾಷಾ.

ಕೇಳದೆ ಏನು? ನಮ್ಮನೆಯದು ದಿನವಿಡೀ ಕಟಕಟ ಅನ್ನುತ್ತದೆ. “ಹೋದ ವಾರಾನ ರಿಪೇರಿ ಮಾಡಿಸೀನಪ್ಪಾ” ಅಂದೆ.

ಗಾಂಧಿನಗರದ ತನ್ನ ಮೊಬೈಲ್ ಅಂಗಡಿಯಲ್ಲಿ ನನ್ನ ಫೋನಿನ ಒಡೆದ ಗ್ಲಾಸು ಬದಲಿಸುತ್ತಿದ್ದ ಬಾಷಾ ಹೊಟ್ಟೆ ಹಿಡಿದು ನಕ್ಕ. “ಪಂಖಾ ಅಲ್ರಿ ಅಕ್ಕಾ, ಪಂಕ್! ಫೋಕ್ ಪಂಕ್, ಜಾನಪದ ಹಾಡಿಗೆ ಗಿಟಾರ್ ಹಚ್ಚಿ ಒದರೋದು. ನಮ್ಮ ಕುರುಗೋಡಿನವ್ರು ನಾಲ್ಕು ಮಂದಿ ಸೇರಿ ಆಲ್ಬಂ ಮಾಡ್ಯಾರ. ಫೋನಿಗೆ ಹಾಕಿ ಕೊಡ್ತೀನಿ, ಕೇಳ್ರಿ.”

ಪುಕ್ಕಟೆ ಸಿಗುವುದೆಲ್ಲ ನನಗೆ ಅನುಮಾನ. (ದೇವರು ಪ್ರತ್ಯಕ್ಷನಾದರೂ ನಾನು ಮೊದಲು ಆಧಾರ್ ಕಾರ್ಡ್ ಕೇಳುತ್ತೇನೆ ಅನ್ನುವುದು ನನ್ನ ಗಂಡನ ಅಂಬೋಣ.) ಹಾಲಿನ ಪ್ಯಾಕೆಟ್ ಒಡೆದರೆ ಮೂಸದೆ ಕಾಯಿಸಲಾರೆ. ಅಂಥವಳು ಕುರುಗೋಡಿನ ಪಂಕನ್ನು ನಂಬುತ್ತೇನೆಯೇ?

ಆದರೂ ಪಾರ್ವತಿನಗರದ ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಾ ಆ ಆಲ್ಬಂ ಹಚ್ಚಿದೆ. ಮೊದಲು ಗಿಟಾರು. ಶ್ರುತಿ ಸರಿ ಇಲ್ಲ. ಹಿಂದೆಯೇ ಹಲಗೆ ವಾದ್ಯ, ಯಾರೋ ಬಾಗಿಲು ಬಡಿದ ಹಾಗೆ. ಆಮೇಲೆ ಒಬ್ಬ ಹುಡುಗಿಯ ದನಿ. ಅದು ಹಾಡುವುದಲ್ಲ, ನಿಲ್ಲಿಸದೆ ಹೋದ ಸಿರುಗುಪ್ಪ ಬಸ್ಸಿನ ಹಿಂದೆ ಓಡುತ್ತಾ ಬೈಯುವುದು. ಹಾಡೂ ಅದೇ ಬಸ್ಸಿನ ಬಗ್ಗೆ! ಇದೆಂಥ ಗದ್ದಲ ಅಂದುಕೊಂಡೆ. ಎರಡನೇ ಹಾಡು ಮುಗಿಯುವುದರೊಳಗೆ ಕಾಳು ಸಿಪ್ಪೆಯ ಬುಟ್ಟಿಗೆ, ಸಿಪ್ಪೆ ಕಾಳಿನ ಪಾತ್ರೆಗೆ ಬೀಳುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ಮೈ ಜುಮ್ಮೆಂದಿತು. ಎಷ್ಟೋ ವರ್ಷವಾಗಿತ್ತು, ಒಂದು ಹಾಡು ನನ್ನನ್ನು ಹೀಗೆ ಹಿಡಿದು ಅಲುಗಾಡಿಸಿ.

ಮೂರನೆಯದು ಭತ್ತದ ನಾಟಿಯ ಹಾಡು. ಹಲಗೆ ಏರುತ್ತಾ ಏರುತ್ತಾ ಒಮ್ಮೆಲೇ ನಿಂತಿತು. ನಾಲ್ವರೂ ಒಟ್ಟಿಗೆ ಕೂಗಿದರು: “ಶಾಂತಿ, ಕಾಲ್ ತೆಗಿ!”

ಹಿಂದಕ್ಕೆ ಒಯ್ದು ಮತ್ತೊಮ್ಮೆ ಕೇಳಿದೆ.

ಅದು ಹಾಡಿನ ಸಾಲೇ ಅಲ್ಲ, ಬೈಗುಳ! ಸಿರುಗುಪ್ಪದ ಹತ್ತಿರದ ಕರೂರಿನಲ್ಲಿರುವ ನನ್ನ ಅವ್ವನ ತಂಗಿ, ಈರಮ್ಮ ಸಣ್ಣವ್ವ, ನಾಟಿ ಹಚ್ಚುವಾಗ ಮುಂದಾಗಿ ಹಾಡುವಾಕೆ. ಒಂದು ಸಲ ಪಕ್ಕದ ಶಾಂತಿ ಸಸಿ ತುಳಿದಳು. ಸಣ್ಣವ್ವ ರಾಗ ಬಿಡದೆ ಗದರಿದಳು. ಹಿಂದಿದ್ದ ಹೆಂಗಸರು ಅದೂ ಹಾಡೇ ಅಂದುಕೊಂಡು ತಿರುಗಿ ಹೇಳಿದರು. ಅವತ್ತಿನಿಂದ ಆ ಒಂದು ಗದ್ದೆಯಲ್ಲಿ ಮಾತ್ರ ಆ ಹಾಡಿಗೆ ಆ ಸಾಲು ಅಂಟಿಕೊಂಡಿದೆ. ಅದು ಕುರುಗೋಡಿಗೆ ಹೇಗೆ ಹೋಯಿತು?

ಬಾಷಾನಿಗೆ ಫೋನ್ ಮಾಡಿದೆ. “ಆ ಹಾಡು ಭಾರಿ ಫೇಮಸ್ ಅಕ್ಕಾ! ಶಾಂತಿ ಅಂದ್ರ ಪೀಸ್ ಅಂತ. ಯುದ್ಧದ ವಿರುದ್ಧ ಬರ್ದಾರಂತ. ಎಲ್ರೂ ಸ್ಟೇಟಸ್ ಹಾಕ್ಕೊಂಡಾರ.”

“ಬರ್ದಾಕಿ ಹೆಸರು ಐತೇನು?”

“ನಂದು ಕಾಪಿ ಫೈಲ್ ರಿ. ಹೆಸರು ಗಿಸರು ಏನೂ ಬಂದಿಲ್ಲ.”

ಹೆಸರಿಲ್ಲ! ಸಿಕ್ಕಿಬಿದ್ದರು ಕಳ್ಳರು. ಓದುಬರಹ ಬಾರದ ಹೆಂಗಸಿನ ಬಾಯಿಂದ ಹಾಡು ಎತ್ತಿಕೊಂಡು ಹೋಗಿ ಮೆರೆಯುವುದೇ? ಭಾನುವಾರ ಬೆಳಿಗ್ಗೆಯೇ ಸಿರುಗುಪ್ಪ ಬಸ್ಸು ಹತ್ತಿದೆ. (ಅದೃಷ್ಟಕ್ಕೆ ನಿಲ್ಲಿಸಿದ.) ದಾರಿಯುದ್ದಕ್ಕೂ ಪತ್ರಿಕೆಯ ಈ ವಾರದ ಅಂಕಣವನ್ನು ತಲೆಯಲ್ಲೇ ಬರೆದೆ. ಶೀರ್ಷಿಕೆ ಕೂಡ ಸಿಕ್ಕಿತ್ತು: ‘ಹಾಡುಗಳ್ಳರು’.

ಕರೂರಿನಲ್ಲಿ ಸಣ್ಣವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು ಪೂರ್ತಿ ಕೇಳಿದಳು. “ಚಲೋ ಒದರ್ಯಾರ ಬಿಡು. ನನ್ನಕಿಂತ ಜೋರ್ ಬೈದಾರ.”

“ಸಣ್ಣವ್ವಾ, ಇದು ನಿನ್ನ ಹಾಡು! ನಿನ್ನ ಕೇಳದ ಕದ್ದಾರ!”

“ಯಾರು ಹೇಳಿದ್ರು? ಎರಡು ದಿನ ಇಲ್ಲೇ ಕುಂತು ಕಲ್ತು ಹೋದ್ರು. ಆ ಹುಡುಗಿ ಗದ್ದಿಗೂ ಇಳಿದ್ಲು.” ಎದ್ದು ಹೋಗಿ ಗೋಡೆಯ ಮಾಡದಿಂದ, ಅವರು ಕಳಿಸಿದ್ದ ಆಲ್ಬಂನ ಹೊದಿಕೆ ತಂದಳು. “ಓದು.”

ಹಿಂಬದಿಯಲ್ಲಿ ದಪ್ಪ ಅಕ್ಷರ: ‘ಮೂರನೇ ಹಾಡು: ಈರಮ್ಮ, ಕರೂರು. ಬೈಗುಳವೂ ಅವರದೇ. ಕಾಲು: ಶಾಂತಿ.’

ನಗುವುದೋ ನಾಚುವುದೋ? ಜೋರಾಗಿ ನಕ್ಕುಬಿಟ್ಟೆ. ಸಣ್ಣವ್ವ ನಗಲಿಲ್ಲ.

“ನಿಂದೂ ಓದಿಸಿ ಕೇಳ್ತೀನಿ ನಾನು, ವಾರ ವಾರ. ಶಾಂತಿ ಮಗಳು ಓದ್ತಾಳ. ಹೋದ ವಾರ ‘ನಮ್ಮ ಕಡೆಯ ಅಜ್ಜಿಯೊಬ್ಬರು ಹೇಳಿದಂತೆ’ ಅಂತ ಬರ್ದಿದ್ದಿ. ಮಾತು ನಂದು. ಅದರ ಹಿಂದಿನ ವಾರಾನೂ ನಂದ. ಯಾವ ಅಜ್ಜಿ ಲೇ ಅಕಿ?”

ಹೊದಿಕೆಯನ್ನು ಅವಳ ಕೈಗೇ ತಿರುಗಿ ಕೊಟ್ಟೆ.

“ಅವ್ರು ಯಾವೂರವರೋ, ಹೆಸರು ಹಾಕಿದ್ರು. ನಿನ್ನ ಎತ್ತಿ ಆಡಿಸೀನಿ ನಾನು. ನಿನಗ ನನ್ನ ಹೆಸರು ಗೊತ್ತಿಲ್ಲೇನು?”

ಗೊತ್ತಿತ್ತು. ಹಾಕಿದ್ದರೆ ‘ಎಷ್ಟು ಚೆನ್ನಾಗಿ ಬರೀತೀರಿ ಮೇಡಂ’ ಅನ್ನುವ ನಿಮ್ಮ ಪತ್ರಗಳು ಕರೂರಿಗೆ ಹೋಗುತ್ತಿದ್ದವು. ಇಷ್ಟು ವರ್ಷ ಹಾಕದೇ ಇದ್ದದ್ದು ಅದಕ್ಕೇ. ಸಣ್ಣವ್ವನ ಮುಂದೆ ಅದನ್ನು ಹೇಳಲು ಧೈರ್ಯ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಈ ಅಂಕಣದಲ್ಲಿ ನೀವು ಗೆರೆ ಎಳೆದು ಇಟ್ಟುಕೊಂಡ ಮಾತುಗಳಲ್ಲಿ ಮುಕ್ಕಾಲು ಪಾಲು ಈರಮ್ಮ, ಕರೂರು.

ಊರಿನ ಹಾಲನ್ನೆಲ್ಲ ಮೂಸಿ ನೋಡುವ ನಾನು, ನನ್ನ ಅಂಕಣವನ್ನು ಒಂದು ಸಲವಾದರೂ ಮೂಸಬೇಕಿತ್ತಲ್ಲವೇ?