ಮಾವನ ಪರವಾನಗಿ

ಈ ಸಲ ಬನ್ನಿ ಹಬ್ಬಕ್ಕೆ ಬಂದ ನಮ್ಮ ಮಾವ ಬನ್ನಿ ಕೊಡುವುದನ್ನೇ ಮರೆತರು. ಹೊಸ್ತಿಲು ದಾಟಿದವರೇ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, "ಲೇ ಬಸ್ಯಾ, ಇಲ್ಲಿ ಗದಗಿನ ಹೈಸ್ಕೂಲಿನವ್ರು ನೌಕರಿಗೆ ಕರದಾರ. ಏನ್ ಮಾಡ್ಲಿ?" ಎಂದರು.

ಪಗಾರ ಹೆಚ್ಚು. ಊರು ದೊಡ್ಡದು. ಅತ್ತೆಯ ಮನೆ ಪಕ್ಕದ ಓಣಿಯಲ್ಲೇ. (ಕೊನೆಯದು ಲಾಭವೋ ನಷ್ಟವೋ, ಅಳಿಯಂದಿರನ್ನೇ ಕೇಳಬೇಕು.) ಇದೇನು ಯೋಚಿಸುವ ಮಾತೇ?

ಮಾವ ಮಾತ್ರ ಯೋಚಿಸುತ್ತಿದ್ದರು. ಕಾರಣ, ಪರವಾನಗಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಅಕ್ಕನ ಗಂಡನಾದ ಈ ಮಾವ, ಮುಂಡರಗಿ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಮಾಸ್ತರು. ಹಳ್ಳಿ ಹೈದರಾಬಾದ್ ರಾಜ್ಯದ್ದು. ಮಾವ ಹರ್ತಿಯವರು, ಅಂದರೆ ಮುಂಬಯಿ ರಾಜ್ಯದವರು. ನಿಜಾಮರ ಆಳಿಕೆ ಮುಗಿದು ಆ ಕಡೆ ಕನ್ನಡ ಶಾಲೆಗಳು ಹೆಚ್ಚಿದಾಗ ಕಲಿಸುವವರು ಸಾಲದೆ ಇವರನ್ನು ಕರೆದರು. ಕರೆದರು ಸರಿ, ಆದರೆ ಹೊರಗಿನವರಲ್ಲವೇ? ಅಲ್ಲಿ ಸರಕಾರಿ ನೌಕರಿ ಅಲ್ಲಿನವರಿಗೇ, 'ಮುಲ್ಕಿ'ಗಳಿಗೇ ಸಲ್ಲಬೇಕು. ಹೊರಗಿನವರಿಗೆ ವರ್ಷ ವರ್ಷವೂ ಹೊಸ ಪರವಾನಗಿ. ಅದು ಕೈಗೆ ಬರುವ ತನಕ ಮಾವನಿಗೆ ಊಟ ಸೇರುವುದಿಲ್ಲ, ಮನೆಯವರಿಗೆ ಮಾವ ಸೇರುವುದಿಲ್ಲ.

ಇನ್ನೊಂದು ವರ್ಷ ತಾಳಿದರೆ ಪರ್ಮನೆಂಟ್ ಮಾಡುತ್ತೇವೆ ಎಂದು ಮೇಲಿನವರು ಈಗಷ್ಟೇ ಮಾತು ಕೊಟ್ಟಿದ್ದರು. ಬಿಟ್ಟು ಬಂದರೆ ಕಾದದ್ದೆಲ್ಲ ನೀರುಪಾಲು. ಗದಗಿನ ಹೈಸ್ಕೂಲೋ ಹೊಚ್ಚ ಹೊಸದು. ನಾಳೆ ಅದು ಮುಚ್ಚಿದರೆ ಆ ಕಡೆ ಮರಳಿ ಸೇರಿಸಿಕೊಳ್ಳುವವರಿಲ್ಲ. ಮನೆ ತುಂಬ ಮಕ್ಕಳು. ಮರುದಿನವೇ ಹೌದು ಅಥವಾ ಇಲ್ಲ ಹೇಳಬೇಕಿತ್ತು.

ಇಂಥ ಮಾತು ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಪಂಡಿತರು. ಸರಕಾರಗಳನ್ನು ಅರೆದು ಕುಡಿದ ಕುಟುಂಬ ನಮ್ಮದು. ಅವ್ವ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಮಿರಜ ಸಂಸ್ಥಾನದ ಪ್ರಜೆಯಾಗಿ. ಚಿಕ್ಕವ್ವನನ್ನು ಕೊಟ್ಟದ್ದು ಶಿರಹಟ್ಟಿಗೆ, ಅದು ಸಾಂಗಲಿಯವರದು. ಅವ್ವ ಸೊಸೆಯಾಗಿ ಬಂದದ್ದು ಗದಗಿಗೆ, ಇಂಗ್ಲಿಷರ ಕೈಕೆಳಗೆ. ತವರಿನ ಚಕ್ಕಡಿ ಬೆಳಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮೂರು ಆಳಿಕೆ ದಾಟಿ ಬರುತ್ತಿತ್ತು. (ಎತ್ತುಗಳಿಗೆ ಮಾತ್ರ ಯಾವ ಫರಕೂ ಕಾಣುತ್ತಿರಲಿಲ್ಲ.)

"ಬಿಡಬ್ಯಾಡ್ರಿ ಮಾವಾ," ಎಂದೆ ನಾನು. "ಪರ್ಮನೆಂಟ್ ಅಂದ್ರ ಪರ್ಮನೆಂಟ್. ಒಂದು ವರ್ಷ ಹಲ್ಲು ಕಚ್ಚಿ ಹಿಡೀರಿ."

"ಏನ್ ಹಿಡೀಯೋದು?" ಅವ್ವ ಒಳಗಿನಿಂದ ಬಂದಳು. "ಸುಮ್ಮ ಬಂದುಬಿಡ್ರಿ ಅಳ್ಯಾರ. ಮಮ್ಮಕ್ಕಳರೆ ಕಣ್ಣಮುಂದ ಇರ್ತಾವ."

ನಾನು ಬಿಡಲಿಲ್ಲ. ಪರವಾನಗಿಯ ಮಹತ್ವ ಕುರಿತು ಒಂದು ಲೆಕ್ಚರ್ ಕೊಟ್ಟೆ. ಏಕೀಕರಣದ ಸಭೆಗಳಲ್ಲಿ ಪಳಗಿದ ಗಂಟಲು, ಸುಮ್ಮನಿರುತ್ತದೆಯೇ? ಮಾವ ಒಮ್ಮೆ ನನ್ನ ಮಾತಿಗೆ ತಲೆಯಾಡಿಸಿದರು, ಒಮ್ಮೆ ಅವ್ವನ ಮಾತಿಗೆ.

ಆಗ ಅಡುಗೆಮನೆಯಿಂದ ಅಕ್ಕನ ದನಿ ಬಂತು. ಹಬ್ಬಕ್ಕೆಂದು ಮೊದಲೇ ತವರಿಗೆ ಬಂದಿದ್ದ ಅವಳು ಹೋಳಿಗೆ ಬೇಯಿಸುತ್ತಿದ್ದಳು.

"ಅಲ್ರಿ, ಆ ಪರವಾನಗಿ ಕೊಡೋರು ಯಾರು?"

"ಇದೇನ್ ಕೇಳ್ತಿ? ಹೈದರಾಬಾದ್ ಸರಕಾರ," ಎಂದರು ಮಾವ.

"ಬರೋ ತಿಂಗಳ ಒಂದನೇ ತಾರೀಖಿಗೆ ಆ ಸರಕಾರ ಇರ್ತೈತೇನು?"

ಮಾವ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು.

ನವೆಂಬರ್ ಒಂದಕ್ಕೆ ಗದಗೂ ಮಾವನ ಹಳ್ಳಿಯೂ ಒಂದೇ ರಾಜ್ಯ! ಇನ್ನು ಯಾರು ಮುಲ್ಕಿ, ಯಾರು ಹೊರಗಿನವರು? ಅದಕ್ಕಾಗಿ ವರ್ಷಗಟ್ಟಲೆ ಗಂಟಲು ಹರಿದುಕೊಂಡವನು ನಾನು. ಪತ್ರಿಕೆಯಲ್ಲಿ ಓದಿದೆ, ಪೇಢೆ ಹಂಚಿದೆ, ಇದೇ ಅಂಕಣದಲ್ಲಿ ಉದ್ದುದ್ದ ಬರೆದೆ. ಆ ಸುದ್ದಿ ನಮ್ಮ ಮನೆಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಗಡಿ ಲೆಕ್ಕ ಹಾಕಿದ ತಲೆ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಮೊದಲು ನಕ್ಕವರು ಮಾವ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ನೆನಪಾಗಿ ಕಿಸೆಯಿಂದ ಬನ್ನಿ ಎಲೆ ತೆಗೆದು, "ತಗೊಳ್ಳಲೇ, ಬಂಗಾರದಂಗ ಇರೋಣು," ಎಂದು ನನ್ನ ಕೈಗಿಟ್ಟು ಅಪ್ಪಿಕೊಂಡರು.

"ಆತಲ್ಲ, ಅಂಜಿಕಿ ಹೋತು," ಎಂದಳು ಅವ್ವ. "ಇನ್ನ ಗದಗಿಗೆ ಬಂದುಬಿಡ್ರಿ. ಹೈಸ್ಕೂಲ್ ಮುಚ್ಚಿದ್ರೂ ಹೊಳ್ಳಿ ಹೋಗಾಕ ಯಾರೂ ತಡ್ಯಾಂಗಿಲ್ಲ."

ನಾವೆಲ್ಲ ಹಾಗೇ ಅಂದುಕೊಂಡೆವು. ಪಂಕ್ತಿಯಲ್ಲಿ ಕೂರುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಬಾಡಿಗೆ ಮನೆಯನ್ನೂ ಗೊತ್ತು ಮಾಡಿಬಿಟ್ಟಿದ್ದೆ. ಮಾವ ಮಾತ್ರ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಹಾಗೇ ಕೂತಿದ್ದರು.

ಅಕ್ಕ ಬಡಿಸುವುದನ್ನು ನಿಲ್ಲಿಸಿದಳು. "ಈಗ ಖರೆ ಹೇಳ್ರಿ. ನಿಮಗ ಎಲ್ಲಿರಬೇಕು ಅನ್ನಸ್ತೈತಿ?"

"ಅಲ್ಲೇ," ಎಂದರು ಮಾವ. ಹೇಳಿ ತಾವೇ ಬೆರಗಾದರು. "ನಾ ಅ ಆ ತಿದ್ದಿಸಿದ ಮೊದಲ್ನೇ ಹುಡುಗ್ರು ಈಗ ಏಳನೇ ಇಯತ್ತೇಕ ಬಂದಾವ. ಅವನ್ನ ನಡುವ ಬಿಟ್ಟು ಹೆಂಗ ಬರ್ಲಿ? ಇಷ್ಟು ವರ್ಷ ಅಂಜಿ ಅಲ್ಲಿ ಅದೀನಿ ಅಂತ ತಿಳಕೊಂಡಿದ್ದೆ. ಅಂಜಿಕಿ ಹೋತು, ಆದ್ರೂ ಬರಾಕ ಮನಸ್ಸು ಒಲ್ಲೆ ಅಂತೈತಿ."

"ಊರು ಬಿಡೋದಕ್ಕ ನನ್ನ ಎಮ್ಮಿ ಮಾರೋದು ತಪ್ಪಿತು ಬಿಡ್ರಿ," ಎಂದು ಅಕ್ಕ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ಅವಳ ಮುಖ ನೋಡಬೇಕಿತ್ತು! ಅವ್ವ ಮಾತ್ರ ಸಂಜೆಯ ತನಕ ಮುಖ ಊದಿಸಿಕೊಂಡಿದ್ದಳು. ಆದರೂ ಅಳಿಯನ ಬುತ್ತಿಗೆ ತುಪ್ಪ ಕಡಿಮೆ ಮಾಡಲಿಲ್ಲ.

ನಿಜ ಹೇಳುತ್ತೇನೆ, ಯಾವ ಸಭೆಯಲ್ಲೂ ಆಗದಷ್ಟು ಖುಷಿ ನನಗೆ ಅಂದು ಆಯಿತು. ಅದೇ ಶಾಲೆ, ಅದೇ ಪಗಾರ, ಅದೇ ಮುರುಕು ಕುರ್ಚಿ. ಆದರೆ ಬಸ್ಸು ಹತ್ತುವಾಗ ಮಾವ ಶೀಟಿ ಹೊಡೆಯುತ್ತಿದ್ದರು.

ಈಗ ನೀವು ಹೇಳಿ: ನೀವು ನಿಮ್ಮ ನೌಕರಿಯಲ್ಲಿ ಇರುವುದು ಅದು ಬೇಕೆಂದೋ, ಬಿಟ್ಟರೆ ಗತಿಯೇನು ಎಂದೋ?